ನಮೂನೆ ಹನ್ನೊಂದು

ಜಾರ್ಜಿಯಾದ ನಮ್ಮ ಈ ಗಣಿಯೂರು ಬಾಣಲೆಯ ತಳದಲ್ಲಿದೆ.
ಸುತ್ತ ಬಂಡೆ, ಬಂಡೆಯ ನೆತ್ತಿಗೆ ಮನೆಗಳು,
ನಡುವೆ ಆಕಾಶಕ್ಕೆ ಬಿಗಿದ ತಂತಿ.
ಮ್ಯಾಂಗನೀಸ್ ತೊಳೆದ ನೀರು ಕುಡಿದು ಕುಡಿದು
ಹೊಳೆ ಕಾಡಿಗೆಯಾಗಿದೆ.

ನಾನು ನಾತೆಲಾ, ಪುರಸಭೆಯ ಎರಡನೇ ಮಹಡಿಯವಳು.
ಇಪ್ಪತ್ತೆರಡು ವರ್ಷ ನೀರಿನ ಬಿಲ್ಲು,
ಈಗ ಹಠಾತ್ತನೆ ಕಲೆ.
ಸ್ಥಳೀಯರಿಂದ, ಸಾರ್ವಜನಿಕ ಸ್ಥಳಗಳಲ್ಲಿ, ಎಂದು ಸುತ್ತೋಲೆ;
ಜೊತೆಗೆ ನಮೂನೆ ಹನ್ನೊಂದು:
ಹೆಸರು, ವಿಳಾಸ, ಮಾಧ್ಯಮ, ಬಾಳಿಕೆ.

ಮಾಧ್ಯಮದ ಕಾಲಂ ಎರಡು ಬೆರಳಗಲ.
ಬಣ್ಣ, ಕಲ್ಲು, ಲೋಹ,
ಅಷ್ಟು ಹಿಡಿದರೆ ಸಾಕೆಂದು ಯಾರೋ ಗೆರೆ ಎಳೆದಿದ್ದರು.

ಮೊದಲು ಬಂದವಳು ಹಾಲಿನ ಡಿಪೋದ ತ್ಸಿಯುರಿ.
ಬರೆದಳು: ಉಣ್ಣೆ.
ಆಸ್ಪತ್ರೆಗೆ ನೂರ ನಲವತ್ತು ಮೆಟ್ಟಿಲು,
ಪಕ್ಕದ ಕಬ್ಬಿಣದ ಕಂಬಿ ಚಳಿಗಾಲದಲ್ಲಿ
ಹಿಡಿದ ಕೈಯ ತೊಗಲು ಕೇಳುತ್ತದೆ.
ಕಂಬಿಗೆ ಸ್ವೆಟರು ಹೆಣೆಯುತ್ತೇನೆ, ಉದ್ದಕ್ಕೂ.
‘ಅದು ಕಲೆಯೇನೆ?’ ಅಂದೆ.
‘ಹತ್ತಿ ಬಂದು ಕೇಳು’ ಅಂದಳು.

ಮುರ್ಮಾನ್ ಬರೆದ: ತುಕ್ಕು.
ಓಡದೆ ನಿಂತ ತೂಗುಬಂಡಿಯ ಡಬ್ಬಿಗೆ ಅಲ್ಲಲ್ಲಿ ಸೀಳು ಕೊಯ್ದು
ಮಾರುಕಟ್ಟೆಯಲ್ಲಿ ನೇತುಹಾಕಿದರೆ
ಗಾಳಿ ಬಂದಾಗ ಹಳೇ ಪಾಳಿಯ ಸೈರನ್ನು ಊದುತ್ತದಂತೆ.
ತುಕ್ಕು ವಸ್ತುವಲ್ಲ, ರೋಗ, ಎಂದು ಮೇಲಿನವರ ಷರಾ.
ಅದರ ಕೆಳಗೇ ಅವನು ಗೀಚಿದ:
ಗಣಿಯಲ್ಲಿ ಮೂವತ್ತು ವರ್ಷ ಇದ್ದವನ ಎದೆ ನೋಡಿ,
ಎರಡೂ ಒಂದೇ.

ಬೆಸಿಕ್, ಆರನೇ ತರಗತಿ.
ಮಾಧ್ಯಮ: ಬಸ್ಸಿನ ಗಾಜು ಮತ್ತು ನನ್ನ ಉಸಿರು.
ಬಾಳಿಕೆ: ಮುಂದಿನ ನಿಲ್ದಾಣದವರೆಗೆ.
ತಿರಸ್ಕರಿಸಿದೆ, ಸೀಲು ಒತ್ತಿಯೇ.
ಮರುದಿನ ಏಳನೇ ನಂಬರಿನ ಬಸ್ಸಿನಲ್ಲಿ
ನನ್ನ ಕಿಟಕಿಗೆ ಒಂದು ಮೀನು.
ನಾನು ಇಳಿಯುವಾಗ ಕಣ್ಣು ಮಾತ್ರ ಉಳಿದಿತ್ತು.

ಗೋಚಾನದೊಂದೇ ತಪ್ಪಿಲ್ಲದ ಅರ್ಜಿ.
ಮಾಧ್ಯಮ: ಬಣ್ಣ. ಬಾಳಿಕೆ: ಹದಿನೈದು ವರ್ಷ.
ಐದಂತಸ್ತಿನ ಗೋಡೆಯ ತುಂಬ
ಮೂರನೇ ಸುರಂಗದಲ್ಲಿ ಉಳಿದುಹೋದ ಅಂಬ್ರೋಸಿಯ ಮುಖ.
ಅವನ ಹೆಂಡತಿ ಲಮಾರಾ ದಿನಾ ಬಂದು ಕತ್ತೆತ್ತಿ ನಿಲ್ಲುವಳು.
‘ಮೂಗು ಸರಿಯಿಲ್ಲ.’
ಅಳಿಸಿದ, ಬರೆದ. ‘ಊಹೂಂ.’
ಫೋಟೋ ಹಲ್ಲಲ್ಲಿ ಕಚ್ಚಿ ಹತ್ತಿದ, ಇಳಿದ, ಹತ್ತಿದ.
‘ಊಹೂಂ.’
ಕೊನೆಗೆ ಸಭೆ ಕರೆದೆವು.
ಎಲ್ಲರೂ ಅವರವರ ಮೂಗಿನ ನೇರಕ್ಕೆ ಮಾತಾಡಿದರು,
ಪಾದ್ರಿ, ಎಂಜಿನಿಯರು, ಬ್ರೆಡ್ಡಿನ ಅಂಗಡಿಯವನು.
ಲಮಾರಾ ಎದ್ದಳು.
‘ಅವನ ಮೂಗು ನೇರ ಇರಲೇ ಇಲ್ಲ.
ಈ ಫೋಟೋ ಮದುವೆಗೆ ಮುಂಚಿನದು.
ಆಮೇಲೊಂದು ದಿನ ಕದ ಬಡಿದು ಎಡಕ್ಕೆ ಹೊರಳಿತು.’
ಕೂತಳು. ಮತ್ತೆ ಎದ್ದಳು.
‘ಕದ ಬಡಿದವಳು ನಾನು.’

ಮರುದಿನ ಹೊಳೆಯಂಚಿನ ಕರೀ ಕೆಸರು
ಒಂದು ಬಕೆಟ್ಟು ತುಂಬಿಕೊಂಡು
ಎಪ್ಪತ್ತರ ಹೆಂಗಸು ಅಟ್ಟಣಿಗೆ ಹತ್ತಿದಳು.
ಗೋಚಾ ಕೆಳಗೆ ಏಣಿ ಹಿಡಿದಿದ್ದ, ಕಣ್ಣು ಮುಚ್ಚಿ.
ಮೂಗು ಅವಳಷ್ಟೇ ಎತ್ತರ.
ಬಲದಿಂದ ಎಡಕ್ಕೆ, ಅಂಗೈಯಲ್ಲಿ, ಸವರುತ್ತ ಸವರುತ್ತ
ಏನೋ ಬೈಯುತ್ತಲೂ ಇದ್ದಳು, ನಮಗೆ ಕೇಳಿಸಲಿಲ್ಲ.
ಬೀದಿ ಮಾತ್ರ ಒಮ್ಮೆಲೇ ‘ಹಾಂ’ ಅಂದಿತು.

ಕೆಸರು ತಾನೆ? ಮಳೆ ಬಂದರೆ ಮೂಗು ನೆಟ್ಟಗಾಗುತ್ತದೆ.
ಬಿಸಿಲು ಬಂದರೆ ಬಕೆಟ್ಟಿನ ಸದ್ದು.
ಇದಕ್ಕೂ ನಮೂನೆ ಬೇಕು, ನಾನೇ ತುಂಬಿದೆ.
ಮಾಧ್ಯಮ: ಹೊಳೆ, ಅಂಗೈ. ಎರಡು ಬೆರಳಗಲದಲ್ಲಿ ಹಿಡಿಯಿತು.
ಬಾಳಿಕೆಯ ಕಾಲಮ್ಮಿನಲ್ಲಿ ‘ಬಾಳು’ ಎಂದು ಬರೆದು
ಪೆನ್ನು ನಿಲ್ಲಿಸಿಬಿಟ್ಟಿದ್ದೇನೆ.

ಅಟ್ಟಣಿಗೆ ಬಿಚ್ಚಿಲ್ಲ, ದಿನಬಾಡಿಗೆ ಏರುತ್ತಿದೆ.
ಆ ಖರ್ಚನ್ನು ನೀರಿನ ಲೆಕ್ಕಕ್ಕೆ ಸೇರಿಸಿದ್ದೇನೆ.
ಕೇಳಿದರೆ, ಮಳೆಯ ರಿಪೇರಿ ಅನ್ನುತ್ತೇನೆ.