ಆಡು ಮುಟ್ಟದ್ದು

ಮಹಬೂಬ್ಬೀ ಮನಿಗೆ ಕಾಂಪೌಂಡ್ ಗ್ವಾಡಿ ಇಲ್ಲ, ಆಡುಸೋಗಿ ಅದ.
ಶಹಾಬಾದದಾಗ ಕಲ್ಲಿಗೇನು ಕಡಿಮಿ?
ಒಡದ ಫರ್ಸಿ ಚೂರು ಹಾದಿಗುಂಟ ಬಿದ್ದಿರ್ತಾವ,
ಯಾರು ಬೇಕಾದರೂ ಹೊತ್ತು ತಂದು ಕಟ್ಟಬಹುದು.
ಆಕಿ ಕಟ್ಟಲಿಲ್ಲ. ಟೊಂಗಿ ಮುರದು ಹಚ್ಚಿದಳು.
‘ಆಡು ಮುಟ್ಟದ ಸೊಪ್ಪಿಲ್ಲ ಅಂತಾರಲ್ಲ ಮಂದಿ,
ಇದರ ಮುಂದ ತಂದು ನಿಂದರಸ್ರಿ ನಿಮ್ಮ ಆಡಿಗೆ.’
ನಮ್ಮ ಕರಿ ಆಡು ಒಮ್ಮೆ ಮೂಸಿ
ಮಾರಿ ತಿರುವಿತು,
ಬೀಗರ ಮನ್ಯಾಗ ಉಪ್ಪಿಲ್ಲದ ಸಾರು ಕಂಡಂಗ.

ನಾ ಆಡುಸೋಗಿ ಅಂತೀನಿ, ಆಕಿ ಅಡೂಸಾ ಅಂತಾಳ.
ಕಹಿಗೆ ಎರಡೂ ಹೆಸರು ಗೊತ್ತದ,
ಯಾವುದರಿಂದ ಕರದರೂ ಓ ಅಂತದ.

ಏಳು ಎಲಿ. ಎಂಟು ಬ್ಯಾಡ.
ಹೊತ್ತು ಮುಳುಗಿದ ಮ್ಯಾಲ ಹರೀಬ್ಯಾಡ, ಗಿಡ ಮಲಗಿರ್ತದ.
ಹಳದಿ ಬಿದ್ದದ್ದು ಬ್ಯಾಡ, ಹುಳ ತಿಂದದ್ದು ಬ್ಯಾಡ
(ಹುಳ ತಿಂದದ್ದು ಇದರಾಗ ಎಲ್ಲಿ ಸಿಕ್ಕೀತು).
ರೊಕ್ಕ ಕೊಡಬ್ಯಾಡ, ಶುಕ್ರಿಯಾ ಅನಬ್ಯಾಡ,
ಅಂದರ ಗುಣ ಹೋಗ್ತದ.
ಹಿಂಗಾಗಿ ಒಂಬತ್ತು ವರ್ಷ
ಆಕಿ ಬಾಗಲಾಗಿಂದ ಬಾಯಿ ಮುಚ್ಚಿಕೊಂಡೇ ಬಂದೀನಿ.

ನಾಕು ಮೆಣಸು, ಹೆಬ್ಬೆಟ್ಟಿನಷ್ಟು ಶುಂಠಿ,
ಎರಡು ಗಿಲಾಸ ನೀರು ಅರ್ಧಕ್ಕ ಇಳೀಬೇಕು.
ಭಗೋಣ್ಯಾಗ ನೀರು ಇಳಿತದ,
ಕಹಿ ಒಂದು ಹನಿ ಇಳಿಯಂಗಿಲ್ಲ.
ಹಳೇ ಧೋತರದ ಅರಿವ್ಯಾಗ ಸೋಸಿದರ
ಅರಿವಿ ಹಸರು, ನನ್ನ ಬೆರಳು ಹಸರು,
ಮರುದಿನದ ರೊಟ್ಟ್ಯಾಗೂ ಜರಾ ಕಹಿ.

ನನ್ನ ಗಂಡ ದೇವಿಂದ್ರ, ಹದಿನೆಂಟು ವರ್ಷ ಖಣ್ಯಾಗ.
ಬಂಡಿ ಕಿವಿಗೆ ಹಚ್ಚಿ ಬಡದು,
ಪದರ ಎಲ್ಲಿ ಬಿಡ್ತದ ಅಂತ ಹೇಳಾಂವ.
ಈಗ ಅವನ ಎದೀಗೆ ನಾ ಕಿವಿ ಹಚ್ತೀನಿ.
ಕೆಮ್ಮು ಮಾತ್ರ ಕೆಲಸ ಬಿಟ್ಟಿಲ್ಲ,
ಕೋಳಿ ಕೂಗೂದಕ್ಕಿಂತ ಮೊದಲೇ ಎದ್ದು ಪತ್ರಾ ಬಡಿತದ.

ಕಲಬುರಗಿ ದೊಡ್ಡ ದವಾಖಾನ್ಯಾಗ ಡಾಕ್ಟರಬಾಯಿ
ಅವನ ಎದಿ ಫೋಟೋ ಕಿಟಕಿ ಬೆಳಕಿಗೆ ಹಿಡದಳು.
ಕರೇ ಹೊಲದಾಗ ಬಿಳಿ ಜ್ವಾಳ ಚೆಲ್ಲಿದಂಗ ಇತ್ತು.
‘ಇದು ಧೂಳು ಕೂತದ್ದವ್ವಾ. ಎಲಿಗೆ ಕರಗೂದಲ್ಲ.’
ಗೊತ್ತದರೀ, ಅಂದೆ.
‘ಮತ್ತ್ಯಾಕ ಕೊಡ್ತಿ?’
ಹೊರಗ ಮುಂದಿನ ನಂಬರ್ ಕೂಗಿದರು.
ಬರಕೊಟ್ಟ ಗುಳಿಗಿ ತಗೊಂಡು ಬಂದೀವಿ, ಮೂರು ಹೊತ್ತೂ ನುಂಗ್ತಾನ.
ಆದರ ಗುಳಿಗಿಗೆ ವಾಸನಿ ಇಲ್ಲ,
ಮನ್ಯಾಗ ಯಾರೋ ಯಾರನ್ನೋ ನೋಡಿಕೊಳ್ಳಲಿಕ್ಕತ್ತಾರ ಅಂತ
ಓಣಿಗೆ ಗೊತ್ತೇ ಆಗಂಗಿಲ್ಲ.

ಅವತ್ತು ಸಂಜಿ ಎಲಿಗೆ ಹೋದಾಗ
ಮಹಬೂಬ್ಬೀಗೆ ಎಲ್ಲಾ ಹೇಳಿದೆ.
ಆಕಿ ಟೊಂಗಿ ಬಗ್ಗಿಸಿ ಎಲಿ ಎಣಿಸಲಿಕ್ಕತ್ತಿದ್ದಳು,
ನಾಕು, ಐದು.
‘ಬೇಲಿಗಂತ ಹಚ್ಚಿದ್ದಲ್ಲವಾ ಇದು.
ನಮ್ಮವ್ರಿಗೂ ಅದೇ ಖಣಿ, ಅದೇ ಕೆಮ್ಮು.
ಟೊಂಗಿ ಬೇರು ಹಿಡಿಯೂದರಾಗ ಅವರು ಹೋದರು.
ಹಚ್ಚಿದ್ದು ಕೀಳಬೇಕಂದ್ರ ಕೈ ಬರಲಿಲ್ಲ,
ಅದು ತಾನೇ ಬೇಲಿ ಆತು.’
ಆರು, ಏಳು.
ಅನಬಾರದ ಮಾತು ನನ್ನ ನಾಲಗಿ ತುದಿಗೆ ಬಂದಿತ್ತು,
ನುಂಗಿದೆ.

ರಾತ್ರಿ ಗಿಲಾಸ ಕೊಟ್ಟರ ದೇವಿಂದ್ರ ಎಂದಿನಂಗ ಮಾರಿ ಕಿವಚಿದ.
‘ಒಂದು ದಿನಾರ ನೀ ಕುಡದು ನೋಡಬೇಕು.’
ಎಂದಿನಂಗ ಬೈಬೇಕಿತ್ತು ನಾ.
ಗಿಲಾಸ ಕಸಗೊಂಡು ಗಟಗಟ ಅರ್ಧ ಕುಡದೆ.

ಕಹಿ ನಾಲಗಿ ಮ್ಯಾಲ ಕೂಡಂಗಿಲ್ಲ,
ಕಿವಿ ಹಿಂದ ಹೋಗಿ ಕೂಡ್ತದ,
ಅಲ್ಲಿಂದ ಮೆಲ್ಲಕ ಗದ್ದಕ್ಕ ಇಳಿತದ.
ಒಂಬತ್ತು ವರ್ಷ ಕುದಿಸಿದಾಕಿಗೆ ಇದು ಗೊತ್ತಿರಲಿಲ್ಲ.

ನನ್ನ ಮಾರಿ ನೋಡಿ ಅಂವ ನಕ್ಕ.
ನಕ್ಕದ್ದಕ್ಕ ಕೆಮ್ಮು ಬಂತು,
ಕೆಮ್ಮಿನ ನಡುವ ಮತ್ತ ನಕ್ಕ.
ಉಳಿದರ್ಧ ಒಂದೇ ಗುಟುಕಿಗೆ ಇಳಿಸಿದ.

ಬೆಲ್ಲ ಒಂದೇ ಚೂರಿತ್ತು.
ಬೆಳಕಿಗೆ ಹಿಡದು, ತಿರುವಿ, ಪದರ ಹುಡುಕಿ
ಹೆಬ್ಬೆಟ್ಟಿನ ಉಗುರಿಲೆ ಒತ್ತಿದ.
ಸಮ ಒಡೀಲಿಲ್ಲ.
ದೊಡ್ಡದು ತಾನೇ ತಿಂದ.