ಅರ್ಧ ಎಂ.ಎಲ್.

ರಾತ್ರಿ ಮೂರೂ ಕಾಲು. ಕೈ ತೊಳೆಯುವ ತೊಟ್ಟಿಯ ಹತ್ತಿರ
ನಾವಿಬ್ಬರೇ, ನಾನು ಮತ್ತು ಡ್ರೈವರ್ ವಲೇರಿಯನ್.
ಸಿರಿಂಜಿನಲ್ಲಿ ಅರ್ಧ ಎಂ.ಎಲ್. ಮಾರ್ಫಿನ್ ಉಳಿದುಂಟು.
ಉಳಿದದ್ದನ್ನು ಚೆಲ್ಲಬೇಕು, ಚೆಲ್ಲುವುದನ್ನು
ಇನ್ನೊಬ್ಬರು ನೋಡಬೇಕು,
ನೋಡಿದೆ ಎಂದು ಸಹಿ ಹಾಕಬೇಕು.

ಒಂದು ಗಂಟೆ ಹಿಂದೆ, ದಕ್ಕೆಯಲ್ಲಿ,
ವಿಂಚಿನ ಹಗ್ಗಕ್ಕೆ ಮೊಣಕೈವರೆಗೆ ಸಿಕ್ಕಿಕೊಂಡವನು
ಒಡಿಶಾದ ಹುಡುಗ. ಹೆಸರು ಕೇಳಿದರೆ ಬೋಟಿನ ಹೆಸರು ಹೇಳಿದ.
ಹಂಪನಕಟ್ಟೆ ದಾಟುವಾಗ ನನ್ನ ತೋಳು ಹಿಡಿದು
ಬೋಟಿನಲ್ಲಿ ಕಲಿತ ತುಳುವಿನಲ್ಲಿ
"ಅಕ್ಕ, ನನ ಒಂತೆ" ಅಂದ. ಇನ್ನೂ ಸ್ವಲ್ಪ.
ಫೋನಿನಲ್ಲಿ ಡಾಕ್ಟರು, "ಸಾಕು, ಉಸಿರು ನೋಡು."
ಎಣಿಸಿದೆ. ಹನ್ನೊಂದು. ಹತ್ತು.
ಅವನು ಬೇಡಿದ್ದು ಇದನ್ನೇ, ಈ ಅರ್ಧವನ್ನೇ.

ನಂತೂರಿನ ಹೊಂಡ, ಕೂಳೂರು ಸಂಕದ ಹೊಂಡ,
ಎಲ್ಲ ವಲೇರಿಯನ್ನನ ಸೊಂಟದಲ್ಲಿ ಉಂಟು.
ನೋವಿನ ಮಾತ್ರೆ ನುಂಗಿದರೆ ಬರೆದು ಕೊಡಬೇಕು,
ಕೆಮ್ಮಿನ ಸಿರಪ್ಪು ಕುಡಿದರೆ ಆ ರಾತ್ರಿ ಸ್ಟೇರಿಂಗ್ ಇಲ್ಲ.
ಯಾವ ದಿನ ಅಂತ ಹೇಳದೆ ಬರುತ್ತಾರೆ
ಮುಚ್ಚಳದ ಡಬ್ಬಿ ಹಿಡಿದು.
"ಮೂತ್ರದಲ್ಲಿ ಎಲ್ಲ ಗೊತ್ತಾಗ್ತದೆ ಮಾರಾಯ್ತಿ," ಅಂತಾನೆ,
"ನಿದ್ದೆ ಇಲ್ಲದ್ದು ಒಂದು ಗೊತ್ತಾಗುದಿಲ್ಲ."

ರಿಜಿಸ್ಟರಿನ ಹಿಂದಿನ ಹಾಳೆಗಳಲ್ಲಿ
ಜಯಕರನ ಸಹಿ, ಗಾಳದ ಹಾಗೆ ಬಾಗಿದ ಜ.
ಚೆಲ್ಲಿದೆ ಅಂತ ಅವನು ಬರೆದ, ನೋಡಿದೆ ಅಂತ ನಾನು.
ನೋಡಿರಲಿಲ್ಲ.
ಆಚೆ ತಿರುಗಿ ಚಾ ಕುಡಿಯುತ್ತಿದ್ದೆ.
ಎಷ್ಟು ಸಲ ಅಂತ ಯಾರೂ ಕೇಳಲಿಲ್ಲ.
ನಲವತ್ತೆರಡನೇ ಪುಟದ ನಂತರ ಗಾಳ ಇಲ್ಲ.
ಅವನ ಹೆಂಡತಿ ಮಾರ್ಕೆಟಿನಲ್ಲಿ ಸಿಕ್ಕಿದರೆ
ಬಂಗುಡೆಯ ರೇಟು ಮಾತಾಡುತ್ತೇವೆ.

ವಲೇರಿಯನ್ ಕನ್ನಡಕ ಹಾಕಿಕೊಳ್ಳುತ್ತಾನೆ,
ತೊಟ್ಟಿಯ ಅಂಚು ಹಿಡಿದು, ಬಗ್ಗಲಾಗದೆ ಬಗ್ಗುತ್ತಾನೆ.
ಒತ್ತುತ್ತೇನೆ. ತೆಳ್ಳಗೆ ಒಂದು ಎಳೆ.
ನೀರಿನ ಬಣ್ಣ, ವಾಸನೆಯೂ ಇಲ್ಲ.
"ಇನ್ನೂ ಒಂದು ಹನಿ ಉಂಟು."
ಒತ್ತುತ್ತೇನೆ.

ಪೆನ್ನು ಬರೆಯುವುದಿಲ್ಲ. ಅಂಗೈಯಲ್ಲಿ
ಗೀಚಿ ಗೀಚಿ ಶಾಯಿ ಎಬ್ಬಿಸುವಾಗ
ಫೋನು ಬಡಿದುಕೊಳ್ಳುತ್ತದೆ: ತೊಕ್ಕೊಟ್ಟು, ಬೈಕು, ಇಬ್ಬರು.
ಗಾಡಿಯ ಕೀ ಆಗಲೇ ಅವನ ಬೆರಳಲ್ಲಿ.
"ಸಹಿ ಮೊದಲು," ಅನ್ನುತ್ತಾನೆ,
"ನೀನು ಬರೆ, ನಾನು ನೋಡ್ತೇನೆ."