ತೇವಾಂಶ

ಮೂಟೆ ತೂಗುವುದು ನನ್ನ ಕೆಲಸ,
ಸಿದ್ದಾಪುರದ ಕಾಫಿ ಡಿಪೋದಲ್ಲಿ, ಇಪ್ಪತ್ತೆರಡು ವರ್ಷದಿಂದ.
ಒಂದು ಮುಷ್ಟಿ ಬೀಜ ಕಿವಿಯ ಹತ್ತಿರ ಕುಲುಕಿ
ಒಳಗೆಷ್ಟು ನೀರಿದೆ ಎಂದು
ಮೀಟರಿಗಿಂತ ಮೊದಲು ಹೇಳಬಲ್ಲೆ.
ನನ್ನನ್ನು ಮಾತ್ರ ತೂಗಿಕೊಂಡಿರಲಿಲ್ಲ.
ಡಾಕ್ಟರು ಹತ್ತಿಸಿದರು: ನೂರಾ ಹದಿನೆಂಟು.
ಎರಡು ಮೂಟೆ, ಮೇಲೊಂದು ಕೊಬ್ಬಿದ ಹಂದಿಮರಿ.

ಭಾನುವಾರಕ್ಕೊಂದು ಸೂಜಿ.
ಹೊಕ್ಕುಳಿಂದ ಎರಡು ಬೆರಳಾಚೆ,
ಈ ವಾರ ಎಡಕ್ಕಾದರೆ ಬರುವ ವಾರ ಬಲಕ್ಕೆ.
ಟಿಕ್ ಎಂದ ಮೇಲೆ ಆರು ಎಣಿಸಬೇಕಂತೆ.
ಕೈಗೆ ಬಂದ ಅಭ್ಯಾಸ, ನಾನೆಣಿಸುವುದು
ಲಾಭ, ಎರಡು, ಮೂರು...

ಮೊದಲ ತಿಂಗಳು ಕಾಲು, ಆಮೇಲೆ ಅರ್ಧ.
"ಅಳತೆ ಹಳೆಯದೇ, ಬಾಟಲಿ ಬೇರೆ" ಎಂದು ರತಿ ನಕ್ಕಳು.
ಅರ್ಧಕ್ಕೇರಿದ ವಾರ ಕೊಳೆತ ಮೊಟ್ಟೆಯ ತೇಗು.
ಬುಧವಾರ ಹೊಟ್ಟೆ ತೊಳೆಸಿ
ಡಿಪೋ ಹಿಂದಿನ ಸಿಲ್ವರ್ ಮರ ಹಿಡಿದು ನಿಂತೆ.
ಶನಿವಾರ ಪರವಾಗಿಲ್ಲ.
ಭಾನುವಾರ ಮತ್ತೆ.

ಸೋದರಳಿಯನ ಮದುವೆಯಲ್ಲಿ
ಪಂದಿಕರಿ ನನ್ನೆದುರೇ ತಣ್ಣಗಾಯಿತು,
ತಟ್ಟೆಯಂಚಿಗೆ ಕೊಬ್ಬು ಬೆಳ್ಳಗೆ ಕಟ್ಟಿತು.
"ಕಾಚಂಪುಳಿ ಸಾಲದಾಯಿತಾ?" ಅತ್ತಿಗೆಯ ಮುಖ ಸಣ್ಣದಾಯಿತು.
ಇಲ್ಲ ಅತ್ತಿಗೆ, ಹುಳಿ ಸರಿ, ಮೆಣಸು ಸರಿ.
ತಿನ್ನು ಎಂದು ಒಳಗಿನಿಂದ ಹೇಳುತ್ತಿದ್ದವನು
ಊರಲ್ಲಿಲ್ಲ.

ಎಂಥ ಮಾತುಗಾರ ಅವನು!
ಹತ್ತೂವರೆಗೇ ಶುರು:
ಮೊಯ್ದುವಿನ ಬೇಕರಿಯಲ್ಲಿ ಟ್ರೇ ಇಳಿಯಿತು, ಏಳು, ಏಳು.
ಈಗ ಹನ್ನೊಂದಾದರೂ
ಗೋಣಿ ಎಳೆಯುವ ಸದ್ದು, ಅಷ್ಟೇ.
ಹತ್ತೊಂಬತ್ತು ವರ್ಷ, ಕೇಳದೆಯೇ,
ಮೊಟ್ಟೆ ಪಫ್ಸ್ ಕಾಗದದಲ್ಲಿ ಸುತ್ತಿಟ್ಟವನು ಮೊಯ್ದು.
ಅವನಿಗೆ ಏನೆಂದು ಹೇಳುವುದು?
ಎರಡು ತಿಂಗಳು ರಸ್ತೆಯ ಆಚೆ ಬದಿ ನಡೆದೆ.

ಆಮೇಲೆ ಮಾಲ್ದಾರೆ ಕಡೆ ಆನೆ ಮರ ಕೆಡವಿ ಲೈನು ಹರಿಯಿತು.
ಎರಡು ದಿನ ಕರೆಂಟಿಲ್ಲ, ಫ್ರಿಜ್ಜು ಬೆವರಿತು,
ಒಳಗೆ ಮುಚ್ಚಳ ತೆಗೆಯದ ಹೊಸ ಪೆನ್ನು
(ಬೆಲೆ ಹೇಳಿದರೆ ಬಯ್ಯುತ್ತೀರಿ).
ನಮ್ಮ ಬೀದಿಯಲ್ಲಿ ಜನರೇಟರ್ ಇದ್ದದ್ದು ಬೇಕರಿಗೊಂದಕ್ಕೇ.

ಮೊಯ್ದು ತಿರುಗಿಸಿ ತಿರುಗಿಸಿ ನೋಡಿದ.
"ಇವನೇನಾ ನನ್ನ ಗಿರಾಕಿಯನ್ನು ಕದ್ದವನು?"
ಗಾಜಿನ ಕಪಾಟು ತೆರೆದು
ಕ್ರೀಮ್ ಬನ್ನು ಆಚೆಗೆ, ಬಟರ್ ಕೇಕು ಈಚೆಗೆ ಸರಿಸಿ
ನಡುವೆ ಅವನನ್ನು ಮಲಗಿಸಿದ.

ಕಟ್ಟನ್ ಚಾ ಬಂತು. ಪಫ್ಸನ್ನು ಎರಡಾಗಿ ಮುರಿದ,
ಮೊಟ್ಟೆಯ ಕಡೆಯದು ನನಗೆ. ಇನ್ನರ್ಧ ತಾನೇ ತಿಂದ,
ಸಕ್ಕರೆ ಕಾಯಿಲೆಯವನು, ಹೆಂಡತಿ ಬರುವ ದಾರಿ ನೋಡುತ್ತ.
ಎರಡು ಕಚ್ಚಿಗೇ ಸಾಕಾಯಿತು.
ಸಾಕು ಎನ್ನುವ ಮಾತು ಬಾಯೊಳಗೆ
ಕಟ್ಟಿಸಿದ ಹೊಸ ಹಲ್ಲಿನ ಹಾಗೆ, ನಾಲಿಗೆ ಮತ್ತೆ ಮತ್ತೆ ಮುಟ್ಟಿ ನೋಡುತ್ತದೆ.
ಹಸಿವಿಲ್ಲದೆ ಅಲ್ಲಿ ಕೂತದ್ದು ಅದೇ ಮೊದಲು.
ಅವನ ಮಗಳು ನರ್ಸಿಂಗ್ ಮುಗಿಸಿದ್ದಾಳೆ,
ಅವನಿಗೆ ಬಲಗಿವಿ ಸರಿಯಾಗಿ ಕೇಳಿಸುವುದಿಲ್ಲ.
ಹತ್ತೊಂಬತ್ತು ವರ್ಷ ನಾನು ಬಲಗಡೆಯೇ ನಿಂತಿದ್ದೆ.

ಒಣಗಿದ ಮೂಟೆ ಮತ್ತೆ ತೂಗಿದಾಗ
ಬೆಳೆಗಾರರು ಜಗಳಕ್ಕೆ ಬರುತ್ತಾರೆ: ನಾಲ್ಕು ಕಿಲೋ ಎಲ್ಲಿ?
ಹೋದದ್ದು ನೀರು, ಕಾಳು ಇಲ್ಲೇ ಇದೆ, ಎನ್ನುತ್ತೇನೆ.
ಅವರು ನಂಬುವುದಿಲ್ಲ.
ಶನಿವಾರ ಎಲ್ಲರೂ ಹೋದ ಮೇಲೆ
ಮೂಟೆಯ ತಕ್ಕಡಿಗೆ ನಾನೇ ಹತ್ತಿದೆ. ನೂರಾ ಏಳು.
ಪುಸ್ತಕದಲ್ಲಿ ಬರೆಯಲಿಲ್ಲ.
ಜೇಬಿನಲ್ಲಿ ಬೇಕರಿಯ ಕಾಗದವಿತ್ತು, ಡಾಲ್ಡಾ ಕಲೆಯದು.
ಅದೂ ಸೇರಿ ನೂರಾ ಏಳು.